ಆಸೆ ತೀರಿಸಿ ಕಳಿಸುವ ಊರು

ರಸ್ತೆಗೆ ಅಡ್ಡ ಬಿದ್ದಿದ್ದ ಮರ ಗಾಳಿಗೆ ಬಿದ್ದದ್ದಲ್ಲ. ಬುಡದಲ್ಲಿ ಕೊಡಲಿ ಏಟಿನ ಗುರುತು ಇನ್ನೂ ಹಸಿಯಾಗಿಯೇ ಇತ್ತು. ಅದರ ಹಿಂದೆ ಇನ್ನೊಂದು ಮರ, ಎರಡರ ನಡುವೆ ಮುಳ್ಳುಬಿದಿರು. ನಮ್ಮ ಲಾರಿ ನಿಂತಿತು. ಹಿಂದೆ ಕೂತಿದ್ದ ಸೈನಿಕನೊಬ್ಬ ಯಂತ್ರದ ಗರಗಸ ಹೊತ್ತು ಕೆಳಗಿಳಿದ. ಮೇಜರ್ ಅವನನ್ನು ತಡೆದು, "ಅದನ್ನ ಮುಟ್ಟಬೇಡ. ಅದು ಮರ ಅಲ್ಲ, ಅವರ ಮನೆ ಬಾಗಿಲು" ಎಂದರು.

ಮಲೇಷ್ಯಾದ ಪೇರಾಕ್ ಬೆಟ್ಟಸಾಲಿನಲ್ಲಿ, ಮರ ಸಾಗಿಸುವ ಮಣ್ಣಿನ ದಾರಿ ಮುಗಿಯುವಲ್ಲಿ ಇದ್ದ ಹಳ್ಳಿ ಅದು. ಅಲ್ಲಿದ್ದವರು ಓರಾಂಗ್ ಅಸ್ಲಿ, ಅಂದರೆ ಈ ನೆಲದ ಮೂಲನಿವಾಸಿಗಳು. ಕೊರೊನಾ ಕೆಳಗಿನ ಪಟ್ಟಣಗಳನ್ನು ಹಿಂಡುತ್ತಿದ್ದಾಗ ಅವರು ಯಾರನ್ನೂ ಕೇಳದೆ ತಮ್ಮದೇ ಲಾಕ್‌ಡೌನ್ ಮಾಡಿಕೊಂಡಿದ್ದರು. ಲಸಿಕೆ ಬಂದ ಮೇಲೂ ದಾರಿ ತೆರೆಯಲಿಲ್ಲ. ಸೂಜಿ ಚುಚ್ಚಿಸಿಕೊಂಡವರು ಸಾಯುತ್ತಾರೆ ಎಂಬ ಸುದ್ದಿ, ಲಸಿಕೆಗಿಂತ ಮೊದಲೇ ಬೆಟ್ಟ ಹತ್ತಿತ್ತು.

ಅವರಿಗೆ ಲಸಿಕೆ ಹಾಕಿ ಬರುವುದು ನಮ್ಮ ತಂಡದ ಕೆಲಸ. ತಂಡವೆಂದರೆ ಮೇಜರ್ ಮತ್ತು ಅವರ ಕೈಕೆಳಗಿನ ಕೆಲವು ಸೈನಿಕರು, ಲಸಿಕೆಯ ತಂಪು ಪೆಟ್ಟಿಗೆ ಹೊತ್ತ ಮಂಗಳೂರಿನ ಫಾರ್ಮಸಿಸ್ಟ್ ಹೆಂಗಸು, ಮತ್ತು ನಾನು. ನಾನು ಉಡುಪಿ ಕಡೆಯವನು, ಈಗ ಇಲ್ಲಿನ ಸುಬಾಂಗ್ ಜಯಾ ಪಟ್ಟಣದಲ್ಲಿ ಮನೆ, ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ. ಭಾರತದಲ್ಲಿದ್ದಾಗ ಕೆಲವು ವರ್ಷ ಅಲ್ಲಿನ ಸೇನೆಯ ಡಾಕ್ಟರಾಗಿ ಗಡಿಯ ಹಳ್ಳಿಗಳಲ್ಲಿ ಗಸ್ತಿನ ಜೊತೆ ನಡೆದವನು. "ನಿಮಗೆ ಇದೆಲ್ಲ ಅಭ್ಯಾಸ ಅಲ್ವಾ" ಎಂದು ಹೇಳಿ ಕಾಲೇಜಿನವರು ನನ್ನನ್ನು ಕಳಿಸಿದ್ದರು. ಅಭ್ಯಾಸ ಇದೆ ಎಂದು ನಾನೂ ನಂಬಿದ್ದೆ.

ಮೇಜರ್‌ಗೆ ಅಭ್ಯಾಸವಿದ್ದದ್ದು ಬೇರೆ ಕಡೆಯದು. ತರುಣ ಅಧಿಕಾರಿಯಾಗಿದ್ದಾಗ ಅವರು ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ ಮಲೇಷ್ಯಾ ಸೇನೆಯ ವೈದ್ಯಕೀಯ ತುಕಡಿಯ ಜೊತೆ ಇದ್ದರು. ಹಳ್ಳಿಗೆ ಹೋಗುವ ಮುಂಚೆ ಕಪ್ಪು ಕನ್ನಡಕ ತೆಗೆಯಬೇಕು, ಬಂದೂಕು ಗಾಡಿಯಲ್ಲೇ ಬಿಡಬೇಕು, ಹಿರಿಯನಿಗಿಂತ ಎತ್ತರದಲ್ಲಿ ಕೂರಬಾರದು, ಅವರ ಚಹಾ ಕುಡಿಯುವ ತನಕ ಬಂದ ಕೆಲಸದ ಮಾತೆತ್ತಬಾರದು. ಇಷ್ಟನ್ನು ಅವರು ನಮಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು.

ಮೊದಲ ದಿನ ನಾವು ಗಾಡಿ ಬಿಟ್ಟು, ದಿಮ್ಮಿಯ ಈಚೆ ನಿಂತು ಕಾದೆವು. ಬಹಳ ಹೊತ್ತಿನ ಮೇಲೆ ಹಳ್ಳಿಯ ಹಿರಿಯ ಬಂದ. ಅವನನ್ನು ಅವರು ಬಾಟಿನ್ ಎನ್ನುತ್ತಾರೆ. ಸಣಕಲು ಆಳು, ಮಾಸಿದ ಫುಟ್‌ಬಾಲ್ ಅಂಗಿ, ಸೊಂಟದಲ್ಲಿ ಕತ್ತಿ. ಮೇಜರ್ ನೆಲದ ಮೇಲೆಯೇ ಕೂತರು. ಬಾಟಿನ್ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಮಲಯ ಭಾಷೆಯಲ್ಲಿ ಮೆಲ್ಲಗೆ ಹೇಳಿದ.

"ನಾವೆಲ್ರೂ ಹುಷಾರಾಗಿದ್ದೀವಿ. ನೀವು ಹೋಗಿ."

ಎರಡನೇ ದಿನವೂ ಹೋದೆವು. ಈ ಸಲ ಲಸಿಕೆಯ ಹೆಸರೇ ಎತ್ತಲಿಲ್ಲ. ಕಜ್ಜಿಯ ಮುಲಾಮು, ಕೆಮ್ಮಿನ ಔಷಧ, ಕಣ್ಣಿನ ಹನಿ ಇವನ್ನು ದಿಮ್ಮಿಯ ಮೇಲೆ ಹರಡಿಟ್ಟು ಕೂತೆವು. ಮಕ್ಕಳು ಬಂದರು, ಅವರ ಹಿಂದೆ ತಾಯಂದಿರು. ಬಾಟಿನ್‌ನ ಮಗಳು ಐದಾರು ತಿಂಗಳ ಬಸುರಿ. ಅವಳ ರಕ್ತದೊತ್ತಡ ನೋಡಿದೆ, ಮಗುವಿನ ಎದೆಬಡಿತವನ್ನು ಸಣ್ಣ ಯಂತ್ರದಲ್ಲಿ ಅವಳಿಗೇ ಕೇಳಿಸಿದೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಆನಂದವೋ ಆನಂದ. ಇನ್ನೆರಡು ದಿನದಲ್ಲಿ ಹಳ್ಳಿ ನನ್ನ ಕಿಸೆಯಲ್ಲಿ ಎಂದುಕೊಂಡೆ.

ಮಧ್ಯಾಹ್ನ ಬಾಟಿನ್ ಬಾಳೆ ಎಲೆಯಲ್ಲಿ ಬೇಯಿಸಿದ ಮರಗೆಣಸು ತಂದು ಮುಂದಿಟ್ಟ. ಎಲ್ಲರೂ ಮೇಜರ್ ಮುಖ ನೋಡಿದೆವು. ನಮಗಿದ್ದ ನಿಯಮ ಖಡಾಖಂಡಿತ. ಹಳ್ಳಿಯವರ ಎದುರು ಮಾಸ್ಕ್ ತೆಗೆಯುವಂತಿಲ್ಲ, ಅವರ ಜೊತೆ ತಿನ್ನುವಂತಿಲ್ಲ. ನಮ್ಮ ಉಸಿರಿನಿಂದ ಅವರಿಗೆ ರೋಗ ಅಂಟದಿರಲಿ ಎಂದೇ ಮಾಡಿದ ನಿಯಮ, ತಪ್ಪೇನೂ ಅಲ್ಲ. ನಾನು ಎದೆಯ ಮೇಲೆ ಕೈ ಇಟ್ಟು, ನಿಮ್ಮ ಒಳ್ಳೆಯದಕ್ಕೇ ನಾವು ತಿನ್ನುತ್ತಿಲ್ಲ ಎಂದು ವಿವರಿಸಿದೆ. ಬಾಟಿನ್ ಎಲೆಯನ್ನು ಇನ್ನೂ ಹತ್ತಿರಕ್ಕೆ ಸರಿಸಿ, ಮುಟ್ಟಾದರೂ ಮುಟ್ಟಿ ಎನ್ನುವಂತೆ ಬೆರಳು ತೋರಿಸಿದ. ಗ್ಲೌಸ್ ಹಾಕಿದ್ದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ.

ಲಾರಿಗೆ ವಾಪಸ್ ಬರುವಾಗ ಮೇಜರ್ ಗೊಣಗಿದರು. "ಬಾಮಿಯಾನ್‌ನಲ್ಲಿ ಚಹಾ ಬೇಡ ಅಂದಿದ್ರೆ ಅಲ್ಲಿಗೇ ಕತೆ ಮುಗೀತು, ಡಾಕ್ಟರ್. ಆದ್ರೆ ಆಗ ಕೋವಿಡ್ ಇರ್ಲಿಲ್ಲ."

ನಮ್ಮ ಊಟ ಲಾರಿಯ ಮರೆಯಲ್ಲಿ. ಕೆಳಗಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ ಬೆಳಿಗ್ಗೆಯೇ ಪೊಟ್ಟಣ ಕಟ್ಟಿಸಿ ತಂದ ಅನ್ನ ಆ ಹೊತ್ತಿಗೆ ಕಲ್ಲಾಗಿರುತ್ತಿತ್ತು. ಅದನ್ನು ಗಂಟಲಲ್ಲಿ ಇಳಿಸಲು ನನ್ನ ಹೆಂಡತಿ ಕೊಟ್ಟಿದ್ದ ಮಿಡಿಮಾವಿನ ಉಪ್ಪಿನಕಾಯಿಯ ಸಣ್ಣ ಬಾಟಲಿಯೇ ಗತಿ. ಮಂಗಳೂರಿನಾಕೆ ಒಂದು ಮಿಡಿ ತೆಗೆದುಕೊಂಡು, "ಇದು ಉಂಟಲ್ಲ ಡಾಕ್ಟ್ರೆ, ಇದಿಲ್ಲದಿದ್ರೆ ನಾನು ರಿಸೈನ್ ಮಾಡಿ ಹೋಗ್ತಿದ್ದೆ" ಎಂದು ಚಪ್ಪರಿಸಿದರು. ನಾನೂ ಬೆರಳು ನೆಕ್ಕಿದೆ.

ಮೂರನೇ ದಿನ ಬೆಳಿಗ್ಗೆ ದಿಮ್ಮಿಯ ಹತ್ತಿರ ಹೋದಾಗ ಬಾಟಿನ್ ಆಗಲೇ ಅದರ ಮೇಲೆ ನಿಂತಿದ್ದ. ಹಿಂದೆ ಹತ್ತಾರು ಜನ.

"ನನ್ನ ಮಗಳಿಗೆ ಹಾವು ಕಚ್ಚಿದೆ" ಎಂದ ಅವನು. "ಕಳಲೆ ಕೀಳೋಕೆ ಹೋದಾಗ, ಈಗಷ್ಟೇ. ಕಾಲು ಊದ್ತಿದೆ."

ನಾನು ಔಷಧದ ಚೀಲ ಎತ್ತಿಕೊಂಡು ದಿಮ್ಮಿಗೆ ಕಾಲಿಟ್ಟೆ. ಅವನು ಅಲುಗಾಡದೆ ನಿಂತ.

"ನೀನು ಬರಬೇಡ. ಕಚ್ಚಿಸಿದವನೇ ನೀನು."

ನನ್ನ ಮಲಯ ಭಾಷೆ ವಾರ್ಡಿನಲ್ಲಿ ಕಲಿತದ್ದು, ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಮೇಜರ್ ಕಡೆ ತಿರುಗಿದೆ. ಅವರ ಮುಖವೂ ಬಿಳಿಚಿತ್ತು. ಬಾಟಿನ್ ಕೂಗಾಡಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ನಿನ್ನೆ ಮಗಳು ತೊರೆಯ ಹತ್ತಿರ ಸೊಪ್ಪು ಕುಯ್ಯುತ್ತಿದ್ದಳು. ಅಲ್ಲಿಂದ ನಮ್ಮ ಲಾರಿಯ ಹಿಂಭಾಗ ಕಾಣುತ್ತದೆ. ನಾವು ಕದ್ದು ತಿನ್ನುವುದನ್ನು ಅವಳು ನೋಡಿದಳು. ಸಣ್ಣ ಬಾಟಲಿಯಿಂದ ಕೆಂಪಗಿನ ಏನನ್ನೋ ತಿಂದು ಬೆರಳು ನೆಕ್ಕಿದೆವು. ಅವಳಿಗೆ ಆಸೆಯಾಯಿತು. ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಕೇಳಿ ಪಡೆಯುವುದು ಅವರಲ್ಲಿಲ್ಲ, ಕೊಡುವವರೇ ಕೊಡಬೇಕು. ಆಸೆ ಹುಟ್ಟಿಸಿ ತೀರಿಸದೆ ಬಿಟ್ಟರೆ ಆಸೆಪಟ್ಟವರ ಜೀವ ಸಡಿಲವಾಗುತ್ತದೆ. ಆಗ ಹಾವು, ಚೇಳು, ಹುಲಿ, ಬೀಳುವ ಮರ ಎಲ್ಲವೂ ಅವರನ್ನು ಹುಡುಕಿಕೊಂಡು ಬರುತ್ತವೆ. ಈ ಸ್ಥಿತಿಗೆ ಅವರ ಬಾಯಲ್ಲಿ ಪುನಾನ್ ಎಂಬ ಹೆಸರಿದೆ. ಕೆಳಗಿನ ಮಲಯರಿಗೂ ಇದು ಗೊತ್ತು, ಅದಕ್ಕೇ ತಿನ್ನದಿದ್ದರೂ ತಟ್ಟೆ ಮುಟ್ಟುತ್ತಾರೆ.

"ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ" ಎಂದ. "ಆದ್ರೆ ಅವಳನ್ನ ನಿಮ್ಮ ಕೈಗೆ ಕೊಡಲ್ಲ."

ಹಾವಿನ ವಿವರ ಕೇಳಿದೆ. ಅವರು ಅದನ್ನು ಕೊಂದಿರಲಿಲ್ಲ, ಆದರೆ ಚೆನ್ನಾಗಿ ನೋಡಿದ್ದರು. ತ್ರಿಕೋನ ತಲೆ, ಕಂದು ಮೈ, ಬೆನ್ನುದ್ದಕ್ಕೂ ಗಾಢ ಬಣ್ಣದ ಮುಕ್ಕೋನಗಳು, ಕಚ್ಚಿದ ಮೇಲೂ ಓಡದೆ ಅಲ್ಲೇ ಬಿದ್ದಿತ್ತಂತೆ. ನಮ್ಮೂರಿನ ಕೊಳಕುಮಂಡಲದ ದಾಯಾದಿ. ಅದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಬಸುರಿಗೆ ಒಳಗೇ ರಕ್ತಸ್ರಾವವಾದರೆ ತಾಯಿ, ಮಗು ಇಬ್ಬರೂ ಕೈತಪ್ಪಿದ ಹಾಗೆ. ಪ್ರತಿವಿಷ ಇದ್ದದ್ದು ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ, ನನ್ನ ಚೀಲದಲ್ಲಲ್ಲ.

ಮೇಜರ್ ನನ್ನ ಕಿವಿಯ ಹತ್ತಿರ ಬಂದರು. "ಡಾಕ್ಟರ್, ನೀವು ಹೂಂ ಅಂದ್ರೆ ನನ್ನ ಹುಡುಗರು ಅವಳನ್ನ ಎತ್ಕೊಂಡು ಬರ್ತಾರೆ. ಯಾರೂ ತಡೆಯೋಕಾಗಲ್ಲ. ಆದ್ರೆ ಆಮೇಲೆ ಈ ಬೆಟ್ಟದಲ್ಲಿ ಒಂದು ಹಳ್ಳಿಯೂ ನಮ್ಮ ಮುಖ ನೋಡಲ್ಲ. ಹೇಳಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಕೋಲು ಮುರಿದರೂ ಪರವಾಗಿಲ್ಲ, ಹೆಣ್ಣುಮಗಳು ಉಳಿಯಲಿ ಎಂದು ನನ್ನ ವೈದ್ಯಬುದ್ಧಿ ಹೇಳುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದವನು, ಅವಳು ಗಾಬರಿಯಿಂದ ಓಡಿದರೆ, ಕಿತ್ತಾಡಿದರೆ ವಿಷ ಇನ್ನೂ ಬೇಗ ಏರುತ್ತದೆ ಎಂಬುದು ನೆನಪಾಗಿ ನಿಲ್ಲಿಸಿದೆ. ಸಿಟ್ಟೂ ಬಂದಿತ್ತು. ಉಪ್ಪಿನಕಾಯಿ ಕೊಡದಿದ್ದಕ್ಕೆ ಹಾವು ಕಚ್ಚಿತೆಂದರೆ ಯಾವ ಡಾಕ್ಟರು ಒಪ್ಪುತ್ತಾನೆ?

ಮಂಗಳೂರಿನಾಕೆ ನನ್ನ ತೋಳು ಜಗ್ಗಿದರು. "ಎಂತ ನಿಂತಿದ್ದೀರಿ ಮಾರಾಯ್ರೆ? ನಮ್ಮಲ್ಲಿ ಬಸುರಿ ಬಯಕೆ ತೀರಿಸದಿದ್ರೆ ಮಗುವಿನ ಕಿವಿ ಸೋರ್ತದೆ ಅಂತಾರಾ ಇಲ್ವಾ? ನಿಮ್ಮ ಅಮ್ಮ ಹೇಳ್ಲಿಲ್ವಾ? ಅವ್ರು ಹೇಳುದು ಅದೇ ಅಲ್ವಾ? ನಿಮ್ಮ ಸೈನ್ಸ್ ನಾಳೆ ಹೇಳಿ. ಆ ಬಾಟಲಿ ತನ್ನಿ ಮೊದ್ಲು."

ಅಮ್ಮ ಹೇಳಿದ್ದಳು. ನೂರು ಸಲ ಹೇಳಿದ್ದಳು. ಅಕ್ಕ ಬಸುರಿಯಾಗಿದ್ದಾಗ ಹಲಸಿನ ಹಣ್ಣಿಗಾಗಿ ಅಪ್ಪನನ್ನು ಊರೆಲ್ಲ ಅಲೆಸಿದ್ದಳು. ಆಗ ನಮ್ಮ ಮನೆಯಲ್ಲಿ ಯಾರೂ ಅದನ್ನು ಮೂಢನಂಬಿಕೆ ಎನ್ನಲಿಲ್ಲ, ಪ್ರೀತಿ ಎಂದರು.

ನಾನು ಲಾರಿಗೆ ಓಡಿ ಬಾಟಲಿ ತಂದೆ. ಬಾಟಿನ್ ಮುಂದೆ ಅದನ್ನು ಎತ್ತಿ ಹಿಡಿದು, "ನಾನು ಕೊಡಲಿಲ್ಲ. ಈಗ ನನ್ನ ಕೈಯಾರೆ ಕೊಡ್ತೀನಿ. ಆಮೇಲೆ ನೀವೇ ಅವಳನ್ನ ಎತ್ಕೊಳ್ಳಿ, ನಾವು ದಾರಿ ಮಾಡ್ತೀವಿ" ಎಂದೆ. ಅವನು ಬಾಟಲಿ ನೋಡಿದ, ನನ್ನನ್ನು ನೋಡಿದ. ದಿಮ್ಮಿಯಿಂದ ಇಳಿದು ಪಕ್ಕಕ್ಕೆ ಸರಿದ.

ಬಿದಿರು ಹಾಸಿನ ಮನೆಯಲ್ಲಿ ಅವಳು ಮಲಗಿದ್ದಳು. ಪಾದ ಎರಡರಷ್ಟು ಊದಿ, ಹಲ್ಲಿನ ಗುರುತಿನಿಂದ ತೆಳ್ಳಗೆ ರಕ್ತ ಒಸರುತ್ತಲೇ ಇತ್ತು. ವಿಷ ಏರದಿರಲೆಂದು ಮನೆಯವರು ಕಾಲಿಗೆ ಬಿಗಿದಿದ್ದ ಬಳ್ಳಿಯನ್ನು ಮೆಲ್ಲಗೆ ಸಡಿಲಿಸಿದೆ. ಕಾಲುಗೆಜ್ಜೆಯಂತಿದ್ದ ದಾರ ಕತ್ತರಿಸಿದೆ. ಬಾವು ಎಲ್ಲಿವರೆಗೆ ಬಂದಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದೆ. ಬಿದಿರ ಸೀಳು ಇಟ್ಟು ಕಾಲು ಅಲುಗದಂತೆ ಕಟ್ಟಿ, ಹೊಟ್ಟೆಯ ಭಾರ ರಕ್ತನಾಳ ಒತ್ತದಿರಲಿ ಎಂದು ಎಡಮಗ್ಗುಲಿಗೆ ತಿರುಗಿಸಿದೆ. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ ಅಲುಗಿಸದೆ ನಿಲ್ಲಿಸಿದೆ. ಇಪ್ಪತ್ತು ನಿಮಿಷದ ಮೇಲೆ ಬಗ್ಗಿಸಿದಾಗ ರಕ್ತ ಗಟ್ಟಿಯಾಗಿರಬೇಕು, ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ.

ಹಾವು ಕಚ್ಚಿದವರಿಗೆ ವಾಂತಿಯಾಗಬಹುದು, ಬಾಯಿಗೆ ಏನೂ ಕೊಡಬಾರದು ಎಂದು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಬೆರಳ ತುದಿಗೆ ಉಪ್ಪಿನಕಾಯಿಯ ರಸ ಸವರಿ ಅವಳ ನಾಲಿಗೆಗೆ ಮುಟ್ಟಿಸಿದೆ. ಅವಳು ಕಣ್ಣು ಮುಚ್ಚಿದಳು. ಹುಳಿಗೋ ಖಾರಕ್ಕೋ ಮುಖ ಕಿವುಚಿದಳು. ಆಮೇಲೆ ಉಸಿರು ನಿಧಾನವಾಯಿತು. ಗಂಟೆಗಟ್ಟಲೆ ಸಮಾಧಾನ ಹೇಳಿದ್ದರೂ ಆ ನಾಡಿ ಅಷ್ಟು ಇಳಿಯುತ್ತಿರಲಿಲ್ಲ.

ಬಾಟಿನ್ ಮರಗೆಣಸಿನ ಚೂರು ನನ್ನ ಮುಂದೆ ಹಿಡಿದ. ನಾನು ಬಾಗಿಲಿಗೆ ಹೋಗಿ ಹೊರಗೆ ತಿರುಗಿ, ಮಾಸ್ಕ್ ಇಳಿಸಿ, ತಿಂದೆ. ಮೇಜರ್ ತಿಂದರು, ಮಂಗಳೂರಿನಾಕೆ ತಿಂದರು. ಬೆಳಿಗ್ಗೆ ಕೊರೊನಾ ಪರೀಕ್ಷೆಯಲ್ಲಿ ನಮ್ಮೆಲ್ಲರಿಗೂ ಒಂದೇ ಗೆರೆ, ಅಂದರೆ ಸೋಂಕಿಲ್ಲ ಎಂದೇ ಬಂದಿತ್ತು, ಆದರೂ ಆ ಗೆರೆಯನ್ನು ಪೂರ್ತಿ ನಂಬಬಾರದೆಂದು ನನಗೆ ಗೊತ್ತಿತ್ತು.

ಸ್ಟ್ರೆಚರ್‌ನ ಮುಂದಿನ ತುದಿಯನ್ನು ಬಾಟಿನ್ ತಾನೇ ಹಿಡಿದ. ದಿಮ್ಮಿಯ ಮೇಲಿಂದ ಅವಳನ್ನು ಕೈಯಿಂದ ಕೈಗೆ ದಾಟಿಸಿದರು, ಈಚೆ ಸೈನಿಕರು, ಆಚೆ ಹಳ್ಳಿಯವರು. ಲಾರಿ ಹೊರಟ ಮೇಲೆ ನಳಿಕೆ ಬಗ್ಗಿಸಿದೆ. ರಕ್ತ ನೀರಿನಂತೆ ಹರಿಯಿತು. ಬಾಟಿನ್ ನನ್ನ ಮುಖ ನೋಡಿಯೇ ತಿಳಿದುಕೊಂಡ. ದಾರಿಯುದ್ದಕ್ಕೂ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಭಾಷೆಯಲ್ಲಿ ಏನನ್ನೋ ಮೆಲ್ಲಗೆ ಹಾಡಿದ.

ಆಸ್ಪತ್ರೆಯವರಿಗೆ ಮೇಜರ್ ಮೊದಲೇ ವೈರ್‌ಲೆಸ್‌ನಲ್ಲಿ ಹೇಳಿದ್ದರು. ಪ್ರತಿವಿಷ ಕೊಟ್ಟರು, ಮತ್ತೆ ಕೊಟ್ಟರು. ರಕ್ತ ಗಟ್ಟಿಯಾಗತೊಡಗಿದ ಮೇಲೆ, ಮಗುವಿನ ಎದೆಬಡಿತ ಕೇಳಿದ ಮೇಲೆ ನಾನು ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅತ್ತೆ. ಮಾಸ್ಕ್ ತೆಗೆದದ್ದಕ್ಕೆ ಮೇಲಿನವರಿಂದ ನನಗೂ ಮೇಜರ್‌ಗೂ ಚೆನ್ನಾಗಿಯೇ ಬೈಗುಳವಾಯಿತು. ಹಾಸ್ಟೆಲ್ ಕೋಣೆಯೊಂದರಲ್ಲಿ ನಮ್ಮನ್ನು ಬೇರೆ ಇಟ್ಟರು. ದಿನಾ ಮೂಗಿಗೆ ಕಡ್ಡಿ ಹಾಕಿಕೊಂಡು ಎರಡನೇ ಗೆರೆ ಮೂಡೀತೇ ಎಂದು ಕಣ್ಣು ಪಿಳುಕಿಸದೆ ನೋಡುತ್ತಿದ್ದೆ. ಒಂದು ಚೂರು ಗೆಣಸಿಗಾಗಿ ಇಡೀ ಹಳ್ಳಿಗೆ ರೋಗ ಹಚ್ಚಿದೆನೇ ಎಂಬ ಭಯ ನನ್ನನ್ನು ತಿಂದುಹಾಕಿತು. ಗೆರೆ ಮೂಡಲಿಲ್ಲ.

ಅವಳು ಗುಣವಾಗಿ ಮನೆಗೆ ಹೊರಟಾಗ ಕರೆದುಕೊಂಡು ಹೋದವರು ನಾವೇ. ದಾರಿಗೆ ಅಡ್ಡವಿದ್ದ ಎರಡೂ ಮರಗಳನ್ನು ಗಾಡಿ ಹೋಗುವಷ್ಟು ಕಡಿದು ಸರಿಸಿದ್ದರು. ಊರ ನಡುವಿನ ಅಂಗಳದಲ್ಲಿ ಎಲ್ಲರೂ ಸೇರಿದ್ದರು, ಸ್ನಾನ ಮಾಡಿ, ತಲೆ ಬಾಚಿ, ಅಂಗಿಯ ತೋಳು ಮಡಚಿ. ಮುಂದೆ ಒಂದು ಮರದ ಕುರ್ಚಿ. ಅದರಲ್ಲಿ ಬಾಟಿನ್.

ಮಂಗಳೂರಿನಾಕೆ ತಂಪು ಪೆಟ್ಟಿಗೆ ಅಪ್ಪಿಕೊಂಡು ನಿಂತಲ್ಲೇ ನಿಂತರು. "ಡಾಕ್ಟ್ರೆ, ಇದು ಎಂತ ಕನಸಾ?"

ನನ್ನ ಹಿಗ್ಗು ಕೇಳಬೇಡಿ. ಗೆದ್ದೆ ಎಂದುಕೊಂಡೆ. ಕಾಲೇಜಿನಲ್ಲಿ ಇದನ್ನು ಪಾಠ ಮಾಡುವ ರೀತಿಯನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಲಸಿಕೆ ಎಂದರೇನು, ಜ್ವರ ಬರಬಹುದು, ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ ಎಂದು ವಿವರಿಸಿ, ಸೂಜಿ ಸಿದ್ಧಮಾಡಿಕೊಂಡು ಬಾಟಿನ್ ಪಕ್ಕ ಮಂಡಿಯೂರಿದೆ.

"ಈಗ ಭಯ ಹೋಯ್ತಲ್ಲ?" ಎಂದು ಕೇಳಿದೆ. ಕೇಳದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆನೋ ಏನೋ.

"ಇಲ್ಲ" ಎಂದ ಬಾಟಿನ್. "ಇದ್ರಿಂದ ಸಾಯ್ತಾರೆ ಅಂತಾನೇ ನಮ್ಮ ಎಣಿಕೆ. ಅದಕ್ಕೇ ಮೊದಲು ನಾನು ಕೂತಿರೋದು. ನಾನು ಮುದುಕ."

ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. "ಮತ್ಯಾಕೆ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀನು ಇಷ್ಟು ಸಲ ಬಂದೆ. ಔಷಧ ಕೊಡುವಾಗ್ಲೂ ನಿನ್ನ ಕಣ್ಣು ಆ ಪೆಟ್ಟಿಗೆ ಮೇಲೇ ಇತ್ತು. ನಮ್ಮ ತೋಳು ನೋಡಿ ನೋಡಿ ಆಸೆಪಡ್ತಿದ್ದೆ. ಅದನ್ನ ತೀರಿಸದೆ ನಿನ್ನ ಕಳಿಸಿದ್ರೆ ದಾರೀಲಿ ನಿಂಗೆ ಏನಾದ್ರೂ ಆಗುತ್ತೆ. ಮಗಳನ್ನ ಉಳಿಸಿಕೊಟ್ಟವನನ್ನ ಹಾಗೆ ಕಳಿಸೋಕಾಗುತ್ತಾ? ಎಲ್ರೂ ಕೂತು ಮಾತಾಡಿದ್ವಿ. ನಿನ್ನನ್ನ ಉಳಿಸಬೇಕು ಅಂತ ಆಯ್ತು."

ಅವರ ಜೀವ ಉಳಿಸಲು ಬೆಟ್ಟ ಹತ್ತಿದವನು ನಾನು. ಅವರು ಸಾಯಲು ತಯಾರಾಗಿ, ತಲೆ ಬಾಚಿಕೊಂಡು ಕೂತಿದ್ದರು, ನನ್ನ ಜೀವ ಉಳಿಸಲು. ಅಷ್ಟೂ ಜನರ ಮುಖದಲ್ಲಿ ನಾನು ನಂಬಿಕೆ ಎಂದು ಓದಿದ್ದು ಕನಿಕರವಾಗಿತ್ತು.

ಇದು ಒಪ್ಪಿಗೆಯಲ್ಲ, ಹೀಗೆ ಚುಚ್ಚಬಾರದು ಎಂದು ಮೇಜರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡಿದರು. ಅವರ ಮಗ್ಗಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ಸೂಜಿಯನ್ನು ತಟ್ಟೆಯಲ್ಲಿಟ್ಟು, ಬಾಟಿನ್ ಮಡಚಿಕೊಂಡಿದ್ದ ಅಂಗಿಯ ತೋಳನ್ನು ಬಿಡಿಸಿ ಕೆಳಗಿಳಿಸಿದೆ.

"ನನ್ನ ಆಸೆ ತೀರಿತು" ಎಂದೆ. "ನೀವು ಕೈ ಚಾಚಿದಿರಲ್ಲ, ಅಷ್ಟು ಸಾಕು. ನನಗೆ ಇನ್ನೇನೂ ಬೇಡ."

ಬಾಟಿನ್ ನನ್ನ ಕಣ್ಣನ್ನೇ ನೋಡಿದ. ಆಮೇಲೆ ತೋಳನ್ನು ಮತ್ತೆ ನಿಧಾನವಾಗಿ ಮೇಲಕ್ಕೆ ಮಡಚಿಕೊಂಡ. ಅವನ ಹಿಂದೆ, ಇನ್ನೂ ಕುಂಟುತ್ತಿದ್ದ ಮಗಳು ತನ್ನ ಅಂಗಿಯ ತೋಳನ್ನು ಮಡಚುತ್ತಿದ್ದಳು.

"ಸುಳ್ಳು ಹೇಳಬೇಡ, ಡಾಕ್ಟರ್" ಎಂದ ಅವನು. "ದಾರೀಲಿ ಹಾವಿದೆ."